ಟೆಂಟಿನ ಕತ್ತಲಲ್ಲಿ ಭಯದ ಪಾಠ ಕಲಿತ ವಿಠಲಾಚಾರ್ಯ

ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಸೀಮೆಯ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಸಿನಿಮಾ ನೋಡುವುದೆಂದರೆ ಅರ್ಧ ಸಾಹಸ, ಅರ್ಧ ಜಾತ್ರೆ. ಅರಕೇರಾದಂಥ ಊರಿನ ಆಸುಪಾಸಿನವರು ಹೊಲದ ಕೆಲಸ ಮುಗಿಸಿ, ಬುತ್ತಿ ಕಟ್ಟಿಕೊಂಡು, ಬಂಡಿ ಹೂಡಿಕೊಂಡು ಆಟಕ್ಕೆ ಹೊರಡುತ್ತಿದ್ದರು. ಹೋಗುವಾಗ ಯಾರಿಗೂ ಭಯವಿರುತ್ತಿರಲಿಲ್ಲ. ಭಯವೇನಿದ್ದರೂ ಎರಡನೇ ಆಟ ಬಿಟ್ಟ ಮೇಲೆ. ಅದೇ ದಾರಿ, ಅದೇ ಹುಣಸೆಮರ, ಅದೇ ಹಾಳು ಬಾವಿ. ಆದರೆ ಮರಳಿ ಬರುವಾಗ ಅವುಗಳ ರೂಪವೇ ಬೇರೆ! ಮಕ್ಕಳು ಬಂಡಿಯ ನಡುವೆ ಮುದುಡಿ ಕೂತರೆ, ಗಂಡಸರು ಅಗತ್ಯಕ್ಕಿಂತ ಜೋರಾಗಿ ಮಾತಾಡುತ್ತಿದ್ದರು.

ಆ ಹುಣಸೆಮರದಲ್ಲಿ ದೆವ್ವವನ್ನು ಕೂರಿಸಿದವರು ಯಾರು? ಊರಿನ ಅಜ್ಜಿಯರಿಗೆ ಅದರಲ್ಲಿ ದೊಡ್ಡ ಪಾಲು ಸಲ್ಲಬೇಕು. ಉಳಿದ ಪಾಲು ಉಡುಪಿ ಬಳಿಯ ಉದ್ಯಾವರದಲ್ಲಿ ಹುಟ್ಟಿದ ಒಬ್ಬ ಕನ್ನಡಿಗರಿಗೆ ಸಲ್ಲುತ್ತದೆ. ಅವರೇ ಬಿ. ವಿಠಲಾಚಾರ್ಯ. ತೆಲುಗು ಪ್ರೇಕ್ಷಕರು ಜಾನಪದ ಬ್ರಹ್ಮನೆಂದು ಕರೆದು ತಮ್ಮವರನ್ನಾಗಿ ಮಾಡಿಕೊಂಡ ಈ ನಿರ್ದೇಶಕರನ್ನು ಕನ್ನಡಿಗರು ಬಹುಮಟ್ಟಿಗೆ ಮರೆತಿದ್ದಾರೆ. ಆದರೆ 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ, ಇಂದಿಗೂ ತೆಲುಗು ಮಾತನ್ನು ನೆರೆಮನೆಯ ಮಾತಿನಂತೆ ಕೇಳುವ ರಾಯಚೂರು ಸೀಮೆಯ ಹಿರಿಯರಿಗೆ ಅವರ ಚಿತ್ರಗಳ ಪರಿಚಯ ಹೇಳಬೇಕಾಗಿಲ್ಲ. ಕತ್ತಿವರಸೆ, ಮಾಂತ್ರಿಕ, ಹಾರುವ ತಲೆ, ಕುಣಿಯುವ ಅಸ್ಥಿಪಂಜರ ಇವೆಲ್ಲ ಇದ್ದರೆ ಚಿತ್ರದ ಹೆಸರನ್ನೇ ಕೇಳದೆ ಅದು ವಿಠಲಾಚಾರ್ಯರದ್ದೆಂದು ನಿರ್ಧರಿಸಿಬಿಡುವ ಕಾಲವೊಂದಿತ್ತು.

ಉದ್ಯಾವರದ ಹುಡುಗ

ವಿಠಲಾಚಾರ್ಯರು ಹುಟ್ಟಿದ್ದು 1920ರಲ್ಲಿ. ಸ್ವಾರಸ್ಯದ ಸಂಗತಿಯೆಂದರೆ, ಜಗತ್ತಿನ ಮೊದಲ ದೊಡ್ಡ ಭಯಾನಕ ಚಿತ್ರಗಳಲ್ಲಿ ಒಂದೆಂದು ಗಣಿಸಲಾಗುವ ಜರ್ಮನಿಯ 'ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ' ತೆರೆ ಕಂಡದ್ದೂ ಅದೇ ವರ್ಷ. ವಕ್ರವಾಗಿ ಬಿಡಿಸಿದ ಬೀದಿಗಳು, ಗೋಡೆಗೆ ಬಳಿದ ನೆರಳುಗಳು, ನಿದ್ದೆಯಲ್ಲೇ ನಡೆದು ಕೊಲ್ಲುವ ಮನುಷ್ಯ ಇವುಗಳಿಂದ ಆ ಚಿತ್ರ ಯುರೋಪನ್ನು ನಡುಗಿಸುತ್ತಿದ್ದಾಗ, ಉಡುಪಿಯ ಕಡೆ ಭಯಕ್ಕೆ ತೆರೆಯ ಅಗತ್ಯವೇ ಇರಲಿಲ್ಲ. ಯಕ್ಷಗಾನದ ಬಣ್ಣದ ವೇಷ ರಾತ್ರಿಯ ನಡುಜಾವದಲ್ಲಿ ಒಂದೇ ಸಲಕ್ಕೆ ಕಾಣಿಸಿಕೊಳ್ಳುವುದಿಲ್ಲ. ಮೊದಲು ಅಬ್ಬರ ಕೇಳುತ್ತದೆ, ಬಳಿಕ ಹಿಡಿದ ತೆರೆಯ ಮೇಲಂಚಿನಲ್ಲಿ ಕಿರೀಟ, ಆಮೇಲೆ ಕಣ್ಣು, ಕೊನೆಗೆ ಮುಖ. ದೊಂದಿಯ ಬೆಳಕಿನಲ್ಲಿ ನಡೆಯುವ ಭೂತಕೋಲದಲ್ಲಂತೂ ಕಾಣುವುದಕ್ಕಿಂತ ಕಾಯುವುದೇ ಹೆಚ್ಚು ಗಂಭೀರವಾದುದು.

ಇಂಥ ನೆಲದಲ್ಲಿ ಬೆಳೆದ ಹುಡುಗನಿಗೆ ಎಳವೆಯಲ್ಲೇ ನಾಟಕ, ಬಯಲಾಟಗಳ ಹುಚ್ಚು ಹಿಡಿದದ್ದು ಸಹಜ. ತಂದೆ ಊರಿನಲ್ಲಿ ಹೆಸರಾದ ಆಯುರ್ವೇದ ವೈದ್ಯರು. ಮಗನ ವಿದ್ಯಾಭ್ಯಾಸ ಮಾತ್ರ ಮೂರನೇ ತರಗತಿಯ ಆಚೆಗೆ ಸಾಗಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಹೊರಟ ಅವರು ಬಂದು ನಿಂತದ್ದು ಅರಸೀಕೆರೆಯಲ್ಲಿ. ಸಿಕ್ಕ ಸಣ್ಣಪುಟ್ಟ ಕೆಲಸಗಳನ್ನೆಲ್ಲ ಮಾಡಿ, ಕೊನೆಗೆ ಬಂಧುವೊಬ್ಬರ ಉಡುಪಿ ಹೋಟೆಲನ್ನು ಕೊಂಡು ನಡೆಸಿದರು. ಘಟ್ಟ ಹತ್ತಿ ಬಂದ ಎಷ್ಟೋ ಕರಾವಳಿಯ ಹುಡುಗರ ಕಥೆ ಹೀಗೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಮುಗಿಯುತ್ತದೆ. ವಿಠಲಾಚಾರ್ಯರ ಕಥೆ ಅಲ್ಲಿ ಮುಗಿಯಲಿಲ್ಲ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಗೆಳೆಯರೊಂದಿಗೆ ಪಾಲ್ಗೊಂಡು ಸೆರೆಮನೆ ಸೇರಿದರು. ಬಿಡುಗಡೆಯಾಗಿ ಬಂದವರೇ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ, ಕೆಲವು ಮಿತ್ರರ ಜೊತೆಗೂಡಿ ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಟೂರಿಂಗ್ ಟಾಕೀಸ್ ಆರಂಭಿಸಿದರು.

ಟೆಂಟೇ ಪಾಠಶಾಲೆ

ಮುಂದೆ ಅವರು ಮಾಡಿದ ಎಲ್ಲ ಚಿತ್ರಗಳ ಗುಟ್ಟು ಈ ಟೆಂಟಿನಲ್ಲಿದೆ. ಒಂದು ಟೆಂಟು ಕ್ರಮೇಣ ನಾಲ್ಕಾಯಿತು. ತಮ್ಮಲ್ಲಿಗೆ ಬಂದ ಪ್ರತಿಯೊಂದು ಚಿತ್ರವನ್ನೂ ಅವರು ಮಾಲೀಕನ ಕಣ್ಣಿನಿಂದಷ್ಟೇ ಅಲ್ಲ, ವಿದ್ಯಾರ್ಥಿಯ ಕಣ್ಣಿನಿಂದಲೂ ನೋಡುತ್ತಿದ್ದರು. ಚಿತ್ರ ತಯಾರಿಕೆಯನ್ನು ಯಾವ ಸ್ಟುಡಿಯೋದಲ್ಲೂ ಕಲಿಯದ ಅವರಿಗೆ ಇದೇ ಶಾಲೆಯಾಯಿತು.

ಟೆಂಟು ಸಿನಿಮಾಕ್ಕೂ ಪಟ್ಟಣದ ಚಿತ್ರಮಂದಿರಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಚಿತ್ರಮಂದಿರದ ಕತ್ತಲು ಗೋಡೆಗಳ ನಡುವೆ ಕಟ್ಟಿಹಾಕಿದ ಕತ್ತಲು. ದೀಪ ಹಾಕಿದರೆ ಅದು ಮಾಯವಾಗುತ್ತದೆ, ಹೊರಗೆ ಬೀದಿದೀಪವಿರುತ್ತದೆ. ಟೆಂಟಿನ ಕತ್ತಲಿಗೆ ಗೋಡೆಯಿಲ್ಲ. ತೆರೆಯ ಮೇಲಿನ ಕಾಡು ಮುಗಿದಲ್ಲಿ ಊರ ಹೊರಗಿನ ಬಯಲು ಶುರುವಾಗುತ್ತದೆ. ತೆರೆಯ ಮೇಲೆ ನರಿ ಊಳಿಟ್ಟರೆ ಹೊರಗಿನ ನಾಯಿಯೂ ದನಿಗೂಡಿಸುತ್ತದೆ. ನೆಲದ ಮೇಲೆ ಒತ್ತೊತ್ತಾಗಿ ಕುಳಿತ ಜನರಲ್ಲಿ ಒಬ್ಬರ ನಡುಕ ಇನ್ನೊಬ್ಬರಿಗೆ ತಾಗುತ್ತದೆ. ಆಟ ಮುಗಿದ ಮೇಲೆ ಈ ಜನ ಅದೇ ಕತ್ತಲನ್ನು ದಾಟಿ ಮನೆ ಸೇರಬೇಕು. ಇಷ್ಟನ್ನು ಅರಿತ ಪ್ರದರ್ಶಕ, ನಿರ್ದೇಶಕನಾದಾಗ ಭಯವನ್ನು ಹೇಗೆ ಬಳಸುತ್ತಾನೆ? ವಿಠಲಾಚಾರ್ಯರ ಉತ್ತರ ಅವರ ಚಿತ್ರಗಳಲ್ಲಿ ಸ್ಪಷ್ಟವಾಗಿದೆ: ಚೆನ್ನಾಗಿ ಹೆದರಿಸಬೇಕು, ಆದರೆ ಹೆದರಿದವರನ್ನು ನಡುದಾರಿಯಲ್ಲಿ ಬಿಟ್ಟು ಹೋಗಬಾರದು.

ಮೈಸೂರಿನಿಂದ ಮದರಾಸಿಗೆ

1944ರಲ್ಲಿ ವಿವಾಹವಾದ ಮೇಲೆ ಅವರು ಮೈಸೂರಿಗೆ ಬಂದು ನೆಲೆಸಿದರು. ಅಲ್ಲಿ ಡಿ. ಶಂಕರ್ ಸಿಂಗ್ ಮತ್ತಿತರರ ಜೊತೆ ಸೇರಿ ಮಹಾತ್ಮಾ ಪಿಕ್ಚರ್ಸ್ ಸಂಸ್ಥೆಯನ್ನು ಕಟ್ಟಿದರು. ಕನ್ನಡ ಚಿತ್ರರಂಗ ಇನ್ನೂ ತೆವಳುತ್ತಿದ್ದ ದಿನಗಳವು. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು, ಅವೂ ಬಹುಪಾಲು ಪೌರಾಣಿಕ. ಇಂಥ ಹೊತ್ತಿನಲ್ಲಿ ಈ ಸಂಸ್ಥೆಯಿಂದ ಬಂದ 'ನಾಗಕನ್ನಿಕಾ' (1949) ಮತ್ತು 'ಜಗನ್ಮೋಹಿನಿ' (1951) ಜಾನಪದ ಮಾಯಾಲೋಕವನ್ನು ಕನ್ನಡ ಪ್ರೇಕ್ಷಕರ ಮುಂದೆ ತೆರೆದಿಟ್ಟವು. ಜನ ಮುಗಿಬಿದ್ದು ನೋಡಿದರು. ದೇವರ ಕಥೆಗೆ ಕೈಮುಗಿಯಲು ಬರುವಷ್ಟೇ ಜನ ಮಾಯಾವಿಯ ಕಥೆಗೆ ಬೆರಗಾಗಲೂ ಬರುತ್ತಾರೆಂಬುದು ಸಾಬೀತಾಯಿತು.

1952ರಲ್ಲಿ ತೆರೆಕಂಡ 'ಶ್ರೀನಿವಾಸ ಕಲ್ಯಾಣ'ದ ಮೂಲಕ ವಿಠಲಾಚಾರ್ಯರು ನಿರ್ದೇಶಕರಾದರು. ಮರುವರ್ಷ ಪಾಲುದಾರರು ಬೇರೆಯಾದಾಗ ವಿಠಲ್ ಪ್ರೊಡಕ್ಷನ್ಸ್ ಎಂಬ ಸ್ವಂತ ಸಂಸ್ಥೆ ಹುಟ್ಟಿಕೊಂಡಿತು. ಕನ್ನಡದಲ್ಲಿ ತಾವು ಮಾಡಿದ 'ಕನ್ಯಾದಾನ'ವನ್ನು ತೆಲುಗಿಗೆ ತರುವ ಸಲುವಾಗಿ ಅವರು ಮದರಾಸಿಗೆ ಹೋದರು. ಹೋದವರು ಅಲ್ಲಿಯವರೇ ಆಗಿಬಿಟ್ಟರು.

ಮದರಾಸಿನಲ್ಲಿ 'ಜಯವಿಜಯ' (1959), 'ಕನಕದುರ್ಗ ಪೂಜಾ ಮಹಿಮ' (1960), 'ಮದನಕಾಮರಾಜು ಕಥ' (1962) ಮುಂತಾದ ಚಿತ್ರಗಳು ಒಂದರ ಹಿಂದೊಂದು ಬಂದವು. ಕಾಂತಾರಾವ್ ಅವರ ಕತ್ತಿವರಸೆ, ರಾಜನಾಲ ಅವರ ಖಳನಾಯಕತ್ವ ಈ ಚಿತ್ರಗಳ ಬೆನ್ನೆಲುಬಾದವು. ಎನ್.ಟಿ. ರಾಮರಾವ್ ಅವರಂಥ ಮಹಾತಾರೆಯನ್ನು ಇಟ್ಟುಕೊಂಡು 'ಬಂದಿಪೋಟು' (1963), 'ಅಗ್ಗಿಪಿಡುಗು' (1964), 'ಮಂಗಮ್ಮ ಶಪಥಂ' (1965), 'ಗಂಡಿಕೋಟ ರಹಸ್ಯಂ' (1969) ಚಿತ್ರಗಳನ್ನು ನಿರ್ದೇಶಿಸಿದರು. ಕಡಿಮೆ ದಿನ, ಕಡಿಮೆ ಹಣ, ಕಟ್ಟುನಿಟ್ಟಿನ ಲೆಕ್ಕ ಇದು ಅವರ ಪದ್ಧತಿ. ನಟನೊಬ್ಬ ಸಮಯಕ್ಕೆ ಬಾರದೆ ಸತಾಯಿಸಿದರೆ ಕಥೆಯಲ್ಲಿ ಅವನ ಪಾತ್ರಕ್ಕೆ ಶಾಪ ಕೊಡಿಸಿ, ಆಡನ್ನೋ ಗಿಳಿಯನ್ನೋ ಮಾಡಿ ಚಿತ್ರೀಕರಣ ಮುಂದುವರಿಸುತ್ತಿದ್ದರೆಂಬ ಮಾತು ತೆಲುಗು ಚಿತ್ರರಂಗದಲ್ಲಿ ಇಂದಿಗೂ ನಗೆಯೊಂದಿಗೆ ಹರಿದಾಡುತ್ತದೆ. ಹೋಟೆಲು ನಡೆಸಿದ್ದವರಿಗೆ ಇದ್ದ ಸಾಮಗ್ರಿಯಲ್ಲೇ ಅಡುಗೆ ಮುಗಿಸುವುದು ಕಷ್ಟವಾಗಿರಲಿಕ್ಕಿಲ್ಲ!

ಕೈಚಳಕದ ದೆವ್ವಗಳು

ಆಗ ಗಣಕಯಂತ್ರದ ಗ್ರಾಫಿಕ್ಸ್ ಇರಲಿಲ್ಲ. ದೆವ್ವವನ್ನು ಕ್ಯಾಮೆರಾದ ಒಳಗೇ ಹುಟ್ಟಿಸಬೇಕಿತ್ತು. ಇದರ ಮೂಲ ಸೂತ್ರವನ್ನು ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 19ನೇ ಶತಮಾನದ ಕೊನೆಯಲ್ಲೇ ಕಂಡುಕೊಂಡಿದ್ದರು. ಕ್ಯಾಮೆರಾ ನಿಲ್ಲಿಸಿ, ಮನುಷ್ಯನನ್ನು ಸರಿಸಿ, ಅವನಿದ್ದ ಜಾಗದಲ್ಲಿ ಮತ್ತೇನನ್ನೋ ಇಟ್ಟು ಮತ್ತೆ ಚಾಲೂ ಮಾಡಿದರೆ ನೋಡುವವರಿಗೆ ಅದು ರೂಪಾಂತರ. ಒಂದೇ ಫಿಲ್ಮನ್ನು ಎರಡು ಸಲ ಬೆಳಕಿಗೆ ಒಡ್ಡಿದರೆ ಪಾರದರ್ಶಕವಾದ ಪ್ರೇತ. ಚೌಕಟ್ಟಿನ ಅರ್ಧವನ್ನು ಮುಚ್ಚಿ ಒಮ್ಮೆ, ಉಳಿದರ್ಧವನ್ನು ಮುಚ್ಚಿ ಇನ್ನೊಮ್ಮೆ ಚಿತ್ರಿಸಿದರೆ ಒಬ್ಬನೇ ನಟ ತನ್ನೆದುರು ತಾನೇ ನಿಲ್ಲುತ್ತಾನೆ. ಕಪ್ಪು ಹಿನ್ನೆಲೆ, ಕಪ್ಪು ಬಟ್ಟೆ, ಕಾಣದ ದಾರ ಇವಿಷ್ಟಿದ್ದರೆ ಅಸ್ಥಿಪಂಜರ ಕುಣಿಯುತ್ತದೆ.

ವಿಠಲಾಚಾರ್ಯರ ಚಿತ್ರಗಳು ಈ ವಿದ್ಯೆಯ ಮೇಲೆಯೇ ನಿಂತವು. ಇಂದಿನ ಕಣ್ಣಿಗೆ ಆ ದಾರ ಕಾಣುತ್ತದೆ, ತೇಪೆ ಕಾಣುತ್ತದೆ. ಅಂದಿನ ಪ್ರೇಕ್ಷಕರಿಗೆ ಕಾಣುತ್ತಿರಲಿಲ್ಲವೇ? ಕೆಲವರಿಗಾದರೂ ಕಂಡಿರಬೇಕು. ಯಕ್ಷಗಾನದಲ್ಲಿ ರಾಕ್ಷಸನ ಮುಖದ ಬಣ್ಣ ಎಲ್ಲರಿಗೂ ಕಾಣುತ್ತದೆ, ಆದರೂ ಮಗು ಅಳುತ್ತದೆ. ಭಯ ಹುಟ್ಟುವುದು ವಸ್ತು ನಿಜವೆಂದು ನಂಬಿದ್ದರಿಂದ ಮಾತ್ರವಲ್ಲ, ನಂಬಲು ನಾವು ಒಪ್ಪಿಕೊಂಡದ್ದರಿಂದ.

ಹೊಗೆಯಾಡುವ ಒಲೆ

ಅವರ ಭಯಾನಕ ಚಿತ್ರಗಳಲ್ಲಿ ಮುಕುಟಪ್ರಾಯವಾದದ್ದು 1978ರ ತೆಲುಗು 'ಜಗನ್ಮೋಹಿನಿ'. ಮೈಸೂರಿನ ದಿನಗಳ ಯಶಸ್ವಿ ಕನ್ನಡ ಚಿತ್ರದ ಹೆಸರು 27 ವರ್ಷಗಳ ಬಳಿಕ ಬೇರೊಂದು ಕಥೆಗೆ ಬಂದು ಕೂತಿತು. ನರಸಿಂಹರಾಜು, ಪ್ರಭಾ, ಜಯಮಾಲಿನಿ ಮುಖ್ಯ ಪಾತ್ರಗಳಲ್ಲಿದ್ದರು. ಪ್ರೀತಿಯ ಹೆಸರಿನಲ್ಲಿ ವಂಚನೆಗೊಳಗಾಗಿ ಸತ್ತ ಹೆಣ್ಣು ಮೋಹಿನಿಯಾಗಿ, ಮತ್ತೆ ಹುಟ್ಟಿ ಬಂದ ಆ ಪುರುಷನನ್ನು ಬೆನ್ನು ಹತ್ತುತ್ತಾಳೆ. ಅವನ ಪತ್ನಿ ದೈವಭಕ್ತಿಯ ಬಲದಿಂದ ಅವಳನ್ನು ಎದುರಿಸುತ್ತಾಳೆ. ತೆಲುಗಿನಲ್ಲಿ ಭಾರಿ ಯಶಸ್ಸು ಕಂಡ ಈ ಚಿತ್ರ ತಮಿಳಿಗೆ ಡಬ್ ಆಗಿ ಅಲ್ಲಿಯೂ ಗೆದ್ದಿತು. 2009ರಲ್ಲಿ ಅದೇ ಹೆಸರಿನಲ್ಲಿ ತಮಿಳಿನಲ್ಲಿ ಮತ್ತೆ ನಿರ್ಮಾಣವಾಯಿತು.

ಚಿತ್ರದ ನೂರು ಮಾಯೆಗಳಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಒಂದು ಅಡುಗೆಮನೆಯ ದೃಶ್ಯ. ಸೊಸೆಯ ರೂಪದಲ್ಲಿ ಮನೆ ಹೊಕ್ಕ ಮೋಹಿನಿ ಒಲೆಗೆ ಸೌದೆಯ ಬದಲು ತನ್ನ ಕಾಲನ್ನೇ ಇಟ್ಟು ಉರಿಸುತ್ತಾಳೆ. ಹಾರುವ ತಲೆಗಳನ್ನೂ ಬೆಂಕಿಯುಗುಳುವ ಮಾಂತ್ರಿಕರನ್ನೂ ಮರೆತ ಪ್ರೇಕ್ಷಕರು ಈ ಒಲೆಯನ್ನು ಮರೆತಿಲ್ಲ. ಏಕೆ? ಅಸ್ಥಿಪಂಜರವನ್ನು ಯಾರೂ ಮನೆಯಲ್ಲಿ ದಿನವೂ ನೋಡುವುದಿಲ್ಲ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ ಹೆಣ್ಣುಮಗಳನ್ನು ಪ್ರತಿಯೊಬ್ಬರೂ ದಿನವೂ ನೋಡುತ್ತಾರೆ. ಅತ್ಯಂತ ಪರಿಚಿತವಾದ ನೋಟ ಒಂದೇ ಒಂದು ಕಡೆ ತಪ್ಪಿಹೋದರೆ, ಆ ಭಯ ಪ್ರೇಕ್ಷಕನ ಹಿಂದೆಯೇ ಅವನ ಮನೆಯ ತನಕ ಬರುತ್ತದೆ. ಇಂದಿನ ಭಯಾನಕ ಚಿತ್ರಗಳ ದೊಡ್ಡ ನಿರ್ದೇಶಕರು ಬಳಸುವ ಸೂತ್ರವೂ ಇದೇ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ನಮ್ಮ ಚಿತ್ರಗಳ ದೆವ್ವ ಬಹುತೇಕ ಹೆಣ್ಣು, ಅದರಲ್ಲೂ ಅನ್ಯಾಯವಾಗಿ ಸತ್ತ ಹೆಣ್ಣು. ಬದುಕಿದ್ದಾಗ ಅವಳ ಮಾತನ್ನು ಊರು ಕೇಳಲಿಲ್ಲ. ಸತ್ತ ಮೇಲೆ ಅವಳ ಗೆಜ್ಜೆಯ ಸದ್ದಿಗೇ ಊರು ಬೆವರುತ್ತದೆ. ಪ್ರೇಕ್ಷಕರು ಹೆದರುವುದು ಬಿಳಿ ಸೀರೆಗಲ್ಲ, ತೀರದೆ ಉಳಿದ ಲೆಕ್ಕಕ್ಕೆ. 1990ರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ ಮನೆಯ ಬಾಗಿಲ ಮೇಲೆ ನಾಳೆ ಬಾ ಎಂದು ಬರೆಸಿದ ಗಾಳಿಸುದ್ದಿಯಲ್ಲಿಯೂ ಬಾಗಿಲು ಬಡಿಯುತ್ತಿದ್ದುದು ಹೆಣ್ಣು ದೆವ್ವವೇ. ವಿಠಲಾಚಾರ್ಯರು ಈ ಅನ್ಯಾಯದ ಎಳೆಯನ್ನು ಕಥೆಯ ಬುಡದಲ್ಲಿ ಇಟ್ಟರು. ಆದರೆ ಕೊನೆಯಲ್ಲಿ ಗೆಲುವನ್ನು ಮಾತ್ರ ಪತಿವ್ರತೆಗೂ ದೇವತೆಗೂ ಕೊಟ್ಟರು. ಮೋಹಿನಿಯ ದೂರಿಗೆ ಉತ್ತರ ಸಿಗದೇ ಉಳಿಯಿತು ಎಂಬ ಆಕ್ಷೇಪ ಇಂದು ಎದ್ದರೆ ಅದನ್ನು ತಳ್ಳಿಹಾಕುವಂತಿಲ್ಲ.

ಬದಲಾದ ಭಯ

ವಿಠಲಾಚಾರ್ಯರು ದೆವ್ವಗಳನ್ನು ಕುಣಿಸುತ್ತಿದ್ದ ಅದೇ ವರ್ಷಗಳಲ್ಲಿ ಜಗತ್ತಿನ ಭಯ ದಾರಿ ಬದಲಿಸುತ್ತಿತ್ತು. 1960ರಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ಅವರ 'ಸೈಕೋ' ಬಂದಾಗ ರಾಕ್ಷಸ ಕೋಟೆಯಿಂದ ಇಳಿದು ಹೆದ್ದಾರಿಯ ಬದಿಯ ವಸತಿಗೃಹಕ್ಕೆ ಬಂದ, ನಾಚಿಕೆ ಸ್ವಭಾವದ ಯುವಕನ ಮುಖ ತೊಟ್ಟ. 1973ರ 'ದಿ ಎಕ್ಸಾರ್ಸಿಸ್ಟ್' ಚಿತ್ರದಲ್ಲಿ ಅದು ಮಗುವಿನ ಮಲಗುವ ಕೋಣೆ ಹೊಕ್ಕಿತು. 1998ರ ಜಪಾನಿನ 'ರಿಂಗು' ಚಿತ್ರದಲ್ಲಿ ಟೀವಿ ಪರದೆಯಿಂದಲೇ ತೆವಳಿ ಹೊರಬಂದಿತು.

ಕನ್ನಡದಲ್ಲೂ ಈ ಪಯಣ ನಡೆಯಿತು. 1979ರ 'ನಾ ನಿನ್ನ ಬಿಡಲಾರೆ' ಅರಮನೆ, ಮಾಂತ್ರಿಕರನ್ನು ಬಿಟ್ಟು ನಮ್ಮ ಕಾಲದ ಮನೆಯೊಳಗೆ ಪ್ರೇತವನ್ನು ತಂದಿತು. ಅನಂತನಾಗ್ ಅವರ ದೇಹದಲ್ಲಿ ಸತ್ತ ಹೆಣ್ಣೊಬ್ಬಳ ಆತ್ಮ ಸೇರಿದಾಗ ದಾರ, ಹೊಗೆಗಳ ಬದಲು ನಟನ ಕಣ್ಣು, ದನಿಗಳೇ ಭಯ ಹುಟ್ಟಿಸಿದವು. 1993ರಲ್ಲಿ ಉಪೇಂದ್ರ ಅವರ 'ಶ್!' ಚಿತ್ರ, ಚಿತ್ರತಂಡವೊಂದನ್ನೇ ಭಯದ ನಡುವೆ ನಿಲ್ಲಿಸಿತು. 2004ರ 'ಆಪ್ತಮಿತ್ರ' ಇನ್ನೊಂದು ಹೆಜ್ಜೆ ಮುಂದಿಟ್ಟು, ನಾಗವಲ್ಲಿಯನ್ನು ಮನೆಯ ಬೀಗ ಹಾಕಿದ ಕೋಣೆಯಲ್ಲಿ ಮಾತ್ರವಲ್ಲ, ಮನಸ್ಸಿನ ಬೀಗ ಹಾಕಿದ ಕೋಣೆಯಲ್ಲೂ ಹುಡುಕಿತು. ಆ ಪಾತ್ರ ಮಾಡಿದ ಸೌಂದರ್ಯ ಚಿತ್ರ ಬಿಡುಗಡೆಯಾಗುವ ಮೊದಲೇ ವಿಮಾನ ಅಪಘಾತದಲ್ಲಿ ಅಗಲಿದ್ದರಿಂದ, ಅಂದಿನ ಪ್ರೇಕ್ಷಕರ ಕಣ್ಣಿಗೆ ತೆರೆಯ ಮೇಲಿನ ನೆರಳು ಇನ್ನಷ್ಟು ಗಾಢವಾಗಿ ಕಂಡಿತು.

2022ರಲ್ಲಿ ರಿಷಬ್ ಶೆಟ್ಟಿ ಅವರ 'ಕಾಂತಾರ' ತೆರೆಕಂಡಾಗ ಚಕ್ರ ಒಂದು ಸುತ್ತು ಪೂರ್ತಿ ತಿರುಗಿತೆನ್ನಬಹುದು. ಅದು ಭಯಾನಕ ಚಿತ್ರವೆಂಬ ಹಣೆಪಟ್ಟಿ ಹೊತ್ತು ಬಂದದ್ದಲ್ಲ. ಆದರೂ ದೈವದ ಆ ಒಂದು ಕೂಗಿಗೆ ನಗರದ ಮಲ್ಟಿಪ್ಲೆಕ್ಸ್‌ಗಳಲ್ಲಿ ಜನ ಉಸಿರು ಬಿಗಿಹಿಡಿದರು. ವಿಠಲಾಚಾರ್ಯರು ಹುಟ್ಟಿದ ಕರಾವಳಿಯ ದೊಂದಿ ಬೆಳಕೇ ಅಲ್ಲಿ ಮತ್ತೆ ಉರಿಯುತ್ತಿತ್ತು.

ಕೊನೆಯ ಆಟ

'ಜಗನ್ಮೋಹಿನಿ'ಯ ನಂತರವೂ ಅವರು ಸುಮ್ಮನಿರಲಿಲ್ಲ. 'ಗಂಧರ್ವ ಕನ್ಯ' (1979), 'ಮದನ ಮಂಜರಿ' (1980) ಬಂದವು. 1985ರ 'ಜೈ ಬೇತಾಳ'ದಲ್ಲಿ ತ್ರಿಆಯಾಮದ ತಂತ್ರವನ್ನೂ ಪ್ರಯತ್ನಿಸಿದರು. ಅಷ್ಟರಲ್ಲಿ ಕಾಲ ಕೈಬಿಟ್ಟಿತ್ತು. ಹಳ್ಳಿಗಳಿಗೆ ವಿದ್ಯುತ್ ದೀಪ ಬಂದಿತ್ತು, ದೀಪದ ಹಿಂದೆಯೇ ಟೀವಿ ಬಂದಿತ್ತು. ಹುಣಸೆಮರದ ಕೆಳಗೆ ಕಂಬ ನೆಟ್ಟು ಬಲ್ಬು ಹಾಕಿದ ಮೇಲೆ ದೆವ್ವಕ್ಕೆ ಅಲ್ಲಿ ಜಾಗ ಉಳಿಯಲಿಲ್ಲ. 1999ರ ಮೇ 28ರಂದು ವಿಠಲಾಚಾರ್ಯರು ನಿಧನರಾದರು.

ಅದಾದ ಕೆಲವೇ ವಾರಗಳಲ್ಲಿ, ಅದೇ ವರ್ಷದ ಜುಲೈನಲ್ಲಿ, ಅಮೆರಿಕದ ಚಿತ್ರಮಂದಿರಗಳಿಗೆ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಬಂದಿತು. ಕಾಡಿನಲ್ಲಿ ದಾರಿ ತಪ್ಪಿದ ಮೂವರು, ಅವರ ಕೈಯ ಕ್ಯಾಮೆರಾ, ಕತ್ತಲು. ಮಾಟಗಾತಿ ಒಮ್ಮೆಯೂ ಕಣ್ಣಿಗೆ ಬೀಳುವುದಿಲ್ಲ! ಅದೂ ವಿಠಲಾಚಾರ್ಯರ ಚಿತ್ರಗಳಂತೆ ಅತಿ ಕಡಿಮೆ ಖರ್ಚಿನಲ್ಲಿ ತಯಾರಾಗಿ ಅಪಾರ ಹಣ ಗಳಿಸಿದ ಚಿತ್ರ. ಎಲ್ಲವನ್ನೂ ತೋರಿಸಿ ಹೆದರಿಸಿದವರು ತೀರಿಹೋದ ವರ್ಷವೇ ಏನನ್ನೂ ತೋರಿಸದೆ ಹೆದರಿಸುವ ಚಿತ್ರ ಜಗತ್ತನ್ನು ಗೆದ್ದದ್ದು ಕಾಕತಾಳೀಯ. ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಈ ಪ್ರಕಾರದ ಚಿತ್ರಗಳು ಎಲ್ಲಿಂದ ಎಲ್ಲಿಗೆ ಬಂದವೆಂಬುದು ತಿಳಿಯುತ್ತದೆ. ಹೊಸ ಚಿತ್ರಗಳು ದೆವ್ವವನ್ನಷ್ಟೇ ಮರೆಮಾಡಲಿಲ್ಲ, ಕೊನೆಯ ಅಭಯವನ್ನೂ ತೆಗೆದುಹಾಕಿದವು. ದುಷ್ಟ ಶಕ್ತಿ ಸೋತಿತೇ ಇಲ್ಲವೇ ಎಂಬುದು ಗೊತ್ತಾಗದೆ ಪ್ರೇಕ್ಷಕ ಮನೆಗೆ ಮರಳಬೇಕು. ಬೆಳಕಿರುವ ಬೀದಿಯಲ್ಲಿ ಕಾರಿನಲ್ಲಿ ಮರಳುವವನಿಗೆ ಅಷ್ಟನ್ನು ತಾಳಿಕೊಳ್ಳಲು ಸಾಧ್ಯ. ಬಂಡಿಯಲ್ಲಿ ಮರಳುವವರಿಗೆ ಸಾಧ್ಯವಿರಲಿಲ್ಲ.

ವಿಮರ್ಶಕರು ವಿಠಲಾಚಾರ್ಯರನ್ನು ಬಹಳ ಕಾಲ ಗಂಭೀರವಾಗಿ ಪರಿಗಣಿಸಲಿಲ್ಲ. ಅಗ್ಗದ ತಂತ್ರ, ಮೂಢನಂಬಿಕೆಗೆ ನೀರೆರೆಯುವ ಕಥೆ ಎಂಬ ಟೀಕೆಗಳು ಬಂದವು. ಅವುಗಳಲ್ಲಿ ಸತ್ಯಾಂಶವಿಲ್ಲವೆಂದಲ್ಲ. ದೆವ್ವ ಬಿಡಿಸುವ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಹಿಂಸಿಸುವ ಪದ್ಧತಿ ಇದ್ದ ಸಮಾಜದಲ್ಲಿ ಮೋಹಿನಿಯ ಕಥೆಯನ್ನು ಆಟವೆಂದಷ್ಟೇ ನೋಡಲಾಗದು. ಆದರೆ ಮೂರನೇ ತರಗತಿ ಓದಿದ ಒಬ್ಬ ಹೋಟೆಲು ಮಾಲೀಕರು, ನೆಲದ ಮೇಲೆ ಕುಳಿತು ಸಿನಿಮಾ ನೋಡುವ ಜನರ ಎದೆಬಡಿತವನ್ನು ಅಷ್ಟು ನಿಖರವಾಗಿ ಅರಿತಿದ್ದರು ಎಂಬುದನ್ನೂ ಮರೆಯುವಂತಿಲ್ಲ.

ಟೆಂಟುಗಳು ಈಗ ಇಲ್ಲ. ಅರಕೇರಾದ ಹುಡುಗನೂ ಇಂದು ಹಾಸಿಗೆಯಲ್ಲಿ ಮುಸುಕೆಳೆದುಕೊಂಡು, ಅಂಗೈಯಗಲದ ಮೊಬೈಲಿನಲ್ಲಿ ಯಾವುದೋ ದೇಶದ ದೆವ್ವವನ್ನು ಒಬ್ಬನೇ ನೋಡುತ್ತಾನೆ. ಅವನಜ್ಜ ನೂರಾರು ಜನರ ನಡುವೆ ಹೆದರಿದ್ದ, ನೂರಾರು ಜನರೊಂದಿಗೆ ಮನೆಗೆ ಮರಳಿದ್ದ. ಜೊತೆಗೆ ಹೆದರುವ ಜನರೇ ಇಲ್ಲದ ಈ ಒಂಟಿತನ, ವಿಠಲಾಚಾರ್ಯರ ಯಾವ ಅಸ್ಥಿಪಂಜರಕ್ಕಿಂತಲೂ ಹೆಚ್ಚು ಭಯ ಹುಟ್ಟಿಸುವಂಥದ್ದು.